ಕೂಸಿನ ಕಣ್ಣಾಗಿನ ದೀಪ

ಹೆಣ ಎತ್ತಿದ ಜಾಗವನ್ನು ಅಮರಮ್ಮ ಸಗಣಿಯಿಂದ ಸಾರಿಸುತ್ತಿದ್ದಳು. ಅವ್ವ ಯಮನಮ್ಮನನ್ನು ಹೊತ್ತು ಗಂಡಸರು ಮಣ್ಣಿಗೆ ಹೋಗಿದ್ದರು. ಅವರು ಬರುವುದರೊಳಗೆ ಇಲ್ಲಿ ದೀಪ ಹಚ್ಚಬೇಕು. ಮಣ್ಣಿಗೆ ಹೋದವರು ದೀಪ ನೋಡಿಯೇ ತಮ್ಮ ಮನೆಗೆ ಹೋಗಬೇಕು.

"ರಾಯಚೂರಿನ ಜಿನ್ನಿಂಗ್ ಮಿಲ್ಲಿನಾಗ ಹತ್ತಿ ಆರಿಸೋರು ಬಾಳ ಮಂದಿ. ಒಂದ ಕಣ್ಣಿದ್ರೂ ಯಮನಮ್ಮ ಒಂದ್ ಕಸ ಬಿಡ್ತಿರಲಿಲ್ಲ," ಎಂದಳು ನೆರೆಮನೆಯ ಇಮಾಮ್ ಬೀ.

"ಒಂದ ಕಣ್ಣಾಗ ನನ್ನ ಇಷ್ಟು ತಪ್ಪು ಹುಡುಕಿದ್ಲು. ಎರಡಿದ್ದಿದ್ರ ನಾ ಊರು ಬಿಡಬೇಕಿತ್ತು!" ಮಲ್ಲಟದಿಂದ ಬಂದಿದ್ದ ಅಮರಮ್ಮನ ಅತ್ತೆ ಗೋಪಮ್ಮ ಮೊಮ್ಮಗಳನ್ನು ತಟ್ಟುತ್ತ ಅಂದಳು. ಹೆಂಗಸರು ಸೆರಗಿನೊಳಗೇ ನಕ್ಕು, ಮತ್ತೆ ಅತ್ತರು.

*

ಹೋದ ವರ್ಷ ತೊಡೆಯ ಎಲುಬಿನಲ್ಲಿ ಗಡ್ಡೆ ಎದ್ದಾಗ ಅವ್ವನನ್ನು ಹೈದರಾಬಾದಿಗೆ ಕರೆದೊಯ್ದವಳು ಬಸುರಿ ಅಮರಮ್ಮನೇ. ಚಿಕ್ಕಂದಿನಲ್ಲಿ ಅವಳ ಒಂದು ಕಣ್ಣು ತೆಗೆದದ್ದೂ ಗಡ್ಡೆಯಿಂದಲೇ ಎಂದು ತಿಳಿದು, ಅಲ್ಲಿನ ಆಸ್ಪತ್ರೆಯಲ್ಲಿದ್ದ ಗುಲ್ಬರ್ಗಾ ಕಡೆಯ ಡಾಕ್ಟರಮ್ಮ ಅವ್ವನ ರಕ್ತ ಪರೀಕ್ಷೆ ಮಾಡಿಸಿದ್ದಳು.

"ಮೈಯಾಗ ಕಣ್ಣಿಗೆ ಕಾಣದಂಥ ಎಳಿ ಇರ್ತಾವ, ಜೋಡಿ ಜೋಡಿ. ಹದಿಮೂರನೇ ಜೋಡ್ಯಾಗ ನಿಮ್ಮವ್ವಗ ಒಂದ್ ಎಳಿಯ ಚೂರು ಇಲ್ಲ. ಗಡ್ಡಿ ಬೆಳೀದಂಗ ತಡಿಯೋದು ಆ ಚೂರಿನಾಗ ಅದ ಅಂತ ನಾವು ಹುಡುಕಾಕತ್ತೀವಿ. ಜೋಡಿಯೊಳಗಿನ ಇನ್ನೊಂದೂ ಕೆಟ್ರ ತಡಿಯೋರಿಲ್ಲ. ನಿನಗೂ ಹಂಗ ಇರಬಹುದು, ಹೊಟ್ಯಾಗಿನ ಕೂಸಿಗೂ. ಹಡೆದ ಮ್ಯಾಲ ಇಬ್ರೂ ಬಂದು ರಕ್ತ ಕೊಡ್ರಿ. ದೀಪದ ಮುಂದ ಕೂಸಿನ ಕಣ್ಣು ಬೆಳ್ಳಗ ಹೊಳದ್ರ ತಡಾ ಮಾಡಬ್ಯಾಡ."

ತವರಿನಲ್ಲಿ ಹಡೆದ ಮೇಲೆ ಅಮರಮ್ಮ, ರಕ್ತ ಕೊಡಲು ಬರುತ್ತೇವೆಂದು ಡಾಕ್ಟರಮ್ಮನಿಗೆ ಕಾಗದ ಬರೆದಳು. ಅವ್ವ ಕೈ ಹಿಡಿದಳು.

"ರಕ್ತಾನ ಕೆಟ್ಟದ್ದಂತ ನಿಮ್ಮತ್ತಿ ನಿನ್ನೂ ಕೂಸಿನೂ ನನ್ನ ಬಾಗಿಲಿಗೆ ತಂದು ಬಿಡ್ತಾಳ. ನಾ ಮಣ್ಣಾಗ ಹೋದಮ್ಯಾಲ ಕಳಸವ್ವ."

ಕಾಗದ ಟ್ರಂಕಿನ ಸೀರೆಗಳ ಅಡಿಗೆ ಹೋಯಿತು.

*

ಗಂಡಸರು ಬಂದು ಕಾಲು ತೊಳೆದರು. ಕಿಟಕಿಯಿಲ್ಲದ ಮನೆಯ ಕತ್ತಲಲ್ಲಿ ಒಬ್ಬೊಬ್ಬರೇ ಬಗ್ಗಿ ದೀಪ ನೋಡಿದರು. ಗೋಪಮ್ಮ ಕೂಸನ್ನೂ ಮುಂದೆ ಹಿಡಿದಳು.

"ಅಜ್ಜಿ ದೀಪ ನೋಡವ್ವ."

ಕೂಸಿನ ಎಡಗಣ್ಣು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯಿತು.

"ಯವ್ವಾ! ನೋಡ್ರಿ, ನಮ್ಮ ಬೀಗತಿ ಬಂದು ಮೊಮ್ಮಗಳ ಕಣ್ಣಾಗ ಕುಂತಾಳ!"

ಇದ್ದವರೆಲ್ಲ ಕೈಮುಗಿದರು. ಮುದುಕನೊಬ್ಬ ಕೂಸಿನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಅದು ಅವ್ವ ಅಲ್ರಿ, ಅತ್ತಿ," ಎಂದಳು ಅಮರಮ್ಮ. "ಅವ್ವನ ಕಣ್ಣು ತಿಂದ ಗಡ್ಡಿ ಅದು. ನಮ್ಮ ರಕ್ತದಾಗ ಅದ. ನನ್ನ ನಿಮ್ಮ ಮನಿಯಾಗ ಇಟ್ಕೋರಿ, ಇಲ್ಲಾ ಬಿಡ್ರಿ; ಕೂಸಿನ ದವಾಖಾನಿಗೆ ಒಯ್ಯೋದು ಮಾತ್ರ ತಡೀಬ್ಯಾಡ್ರಿ."

ಅಮರಮ್ಮನ ಗಂಡ ವೆಂಕೋಬ ನೆಲ ನೋಡುತ್ತ ನಿಂತ.

ಅಮರಮ್ಮ ಕೈ ತೊಳೆದು, ಟ್ರಂಕು ತೆಗೆದು, ಹಳೆಯ ಕಾಗದದ ಕೆಳಗೆ ಬರೆದಳು: ಅವ್ವ ಹೋದಳು. ಕೂಸಿನ ಕಣ್ಣು ಹೊಳೆಯುತ್ತಿದೆ. ಇನ್ನು ತಡ ಮಾಡುವುದಿಲ್ಲ.

ಇಮಾಮ್ ಬೀಯ ಗಂಡ ಸತ್ತಾರ್ ಸಾಬ್ ಹೈದರಾಬಾದ್ ಬಸ್ಸಿನ ಕಂಡಕ್ಟರ್. ಡ್ಯೂಟಿಗೆ ಹೊತ್ತಾಗಿತ್ತು.

"ಅಣ್ಣಾ, ಡಾಕ್ಟರಮ್ಮನ ಕೈಗೇ ಮುಟ್ಟಿಸ್ರಿ."

"ಮುಟ್ಟಸ್ತೀನಿ, ತಂಗೆವ್ವ."

ಅವನು ಕಾಗದವನ್ನು ಟಿಕೀಟಿನ ಚರ್ಮದ ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದ. ಒಳಗೆ ಗೋಪಮ್ಮ ಕೂಸಿಗೂ ದೀಪಕ್ಕೂ ನಡುವೆ ಸೆರಗು ಅಡ್ಡ ಹಿಡಿದಳು. ಹೊಳೆಯುತ್ತಿದ್ದ ಕಣ್ಣು ಕಪ್ಪಾಯಿತು.