ಹಿಪ್ಪೆಮರದ ಕಂದು ಎಲೆ

"ಇಷ್ಟು ಸಲ ಕಿತ್ತರೂ ಮತ್ತೆ ಯಾಕಪ್ಪಾ ಬತ್ತೀಯ ನೀನು?"

ಏಣಿ ಮೇಲೆ ನಿಂತಿದ್ದ ಸದಾಶಿವಯ್ಯ ಕೇಳಿದ್ದು ಯಾರನ್ನೂ ಅಲ್ಲ. ಗುಬ್ಬಿ ಹತ್ತಿರದ ಆ ಸಣ್ಣ ಮಠದ ಹಿಪ್ಪೆಮರದಲ್ಲಿ, ಕವಲಿಗೆ ಅಂಟಿಕೊಂಡು ಒಂದು ಜರಿಗಿಡ ಬೆಳೆದಿತ್ತು. ಅದರ ಬುಡದ ಕಂದು ಎಲೆಗಳನ್ನು ಶಿವರಾತ್ರಿಗೆ ಮುಂಚೆ ಕೆರೆದು ತೆಗೆಯುವುದು ಇಪ್ಪತ್ತು ವರ್ಷದಿಂದ ಅವರ ಸೇವೆ. ಶಿವನ ಅಂಗಳದ ಮರ ಕಸ ಹೊತ್ತು ನಿಲ್ಲಬಾರದು.

"ತಾತ, ಕುಡುಗೋಲು ಇಳಿಸಿ. ಅದು ಕಸ ಅಲ್ಲ," ಅಂದಳು ಕೆಳಗಿನಿಂದ ಅಕ್ಷತಾ. ತುಮಕೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು, ಅಂದು ದಾಸೋಹಕ್ಕೆ ಬಂದಿದ್ದಳು. "ಅದು ಗಿಡದ ಬೊಗಸೆ. ಮೇಲಿಂದ ಬೀಳೋ ತರಗೆಲೆ ಹಿಡ್ಕೊಂಡು ಗೊಬ್ಬರ ಮಾಡ್ಕೊಳ್ಳುತ್ತೆ. ನೆಲ ಇಲ್ಲದ ಗಿಡಕ್ಕೆ ಅದೇ ಹೊಲ."

ಫೋನ್ ತೋರಿಸಿದಳು. ಊರ್ಡಿಗೆರೆ ಆಚೆಯ ಕಾಡಿನಲ್ಲಿ, ಬಂಡೆ ಮೇಲೆ ಇದೇ ಗಿಡ, ಮೊರಕ್ಕಿಂತ ಅಗಲ.

"ಯಾರವ್ವಾ ಅಲ್ಲಿ ನೀರು ಹಾಕೋರು?"

"ಯಾರೂ ಇಲ್ಲ. ಕ್ಲೀನ್ ಮಾಡೋರೂ ಇಲ್ಲ."

ಸದಾಶಿವಯ್ಯ ಏಣಿ ಮೇಲೇ ಕೂತುಬಿಟ್ಟರು. ಇಪ್ಪತ್ತು ವರ್ಷ ಇದರ ಬಾಯಿಂದ ತುತ್ತು ಕಿತ್ತಿದ್ದೆನಲ್ಲ. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ, "ಇನ್ಮೇಲೆ ಇದನ್ನ ಕೆರೆಯಲ್ಲ," ಅಂದರು.

ಮಠದ ವ್ಯವಹಾರ ನೋಡಿಕೊಳ್ಳುವ ಪ್ರಭುದೇವ ನಕ್ಕ. "ಏಣಿ ಹತ್ತಕ್ಕಾಗಲ್ಲ ಅಂತ ಹೇಳಿ ಸದಾಶಿವಣ್ಣ, ಗಿಡದ ಮೇಲ್ಯಾಕೆ ಹಾಕ್ತೀರ? ಬೇಸಿಗೇಲಿ ಹೆಂಗೂ ಒಣಗುತ್ತೆ, ಶ್ರಾವಣದ ಮೊದಲ ಸೋಮವಾರದೊಳಗೆ ಮತ್ತೆ ಚಿಗುರದಿದ್ರೆ ಬುಡಸಮೇತ ತೆಗೆಸ್ತೀನಿ."

ಬೇಸಿಗೆಯಲ್ಲಿ ಹಸಿರೆಲ್ಲ ಉದುರಿ ಬರೀ ಕಡ್ಡಿ ನಿಂತವು. ಬೆಳಗಿನ ವಚನ ಮುಗಿಸಿ ಸದಾಶಿವಯ್ಯ ದಿನಾ ಮರದಡಿ ನಿಲ್ಲುವರು. ಕೆರೆಯಲು ಕೈ ತುರಿಸುವುದು, ಕೈಮುಗಿದುಕೊಂಡು ವಾಪಸಾಗುವರು.

ಮುಂಗಾರು ಬಿತ್ತು. ಕಂದು ಬೊಗಸೆಯೊಳಗಿಂದ ಎಳೆ ಸುರುಳಿಗಳು ಎದ್ದವು, ಬಿಚ್ಚಿಕೊಂಡವು. ಶ್ರಾವಣ ಕಾಲಿಡುವಷ್ಟರಲ್ಲಿ ಒಂದೊಂದೂ ತೋಳುದ್ದದ ಗರಿ, ಇಡೀ ಕವಲು ಹಸಿರು. ಅಕ್ಷತಾ ಏಣಿ ಹತ್ತಿ ಒಂದು ಎಲೆ ಮಗುಚಿ ತೋರಿಸಿದಳು. ಅಡಿಯಲ್ಲಿ ಸಾಲು ಸಾಲು ಕಂದು ಚುಕ್ಕೆ, ರುದ್ರಾಕ್ಷಿ ಪೋಣಿಸಿದ ಹಾಗೆ.

"ಇದಕ್ಕೆ ಹೂವಿಲ್ಲ, ಕಾಯಿಲ್ಲ ತಾತ. ಈ ಚುಕ್ಕೇಲಿರೋ ಪುಡೀನೇ ಗಾಳೀಲಿ ಹೋಗಿ ಇನ್ನೊಂದು ಮರ ಹಿಡಿಯುತ್ತೆ."

"ಇಪ್ಪತ್ತು ವರ್ಷದಲ್ಲಿ ಇದನ್ನ ನಾನು ನೋಡೇ ಇಲ್ಲ ಕಣವ್ವ." ಬಂದ ಭಕ್ತರನ್ನೆಲ್ಲ ಸದಾಶಿವಯ್ಯ ಕೈಹಿಡಿದು ಕರೆತಂದು ತೋರಿಸಿದರು.

ಪ್ರಭುದೇವನೂ ಬಂದ, ಕತ್ತೆತ್ತಿ ನೋಡಿದ. "ಸೋತೆ ಕಣಣ್ಣ. ಎಷ್ಟು ಚೆನ್ನಾಗಿದೆ. ಸೋಮವಾರದ ಮಂಟಪಕ್ಕೆ ನಾಕು ಗರಿ ಕುಯ್ದು ಕೊಟ್ಬುಡಿ."

ಸದಾಶಿವಯ್ಯ ಏಣಿಯನ್ನು ಮರದಿಂದ ತೆಗೆದು ಹೆಗಲಿಗೇರಿಸಿಕೊಂಡರು.

"ಕೊಡಲ್ಲ."