ಮೂರನೇ ಕೌಂಟರಿನ ಸದಸ್ಯರು

ಅಧ್ಯಕ್ಷನಾದ ದಿನವೇ ಮೈದುನ ಹೇಳಿಬಿಟ್ಟಿದ್ದ: "ಬ್ಯಾಂಕಲ್ಲಿ ಅತ್ತಿಗೆ ಗಿತ್ತಿಗೆ ಅಂತೆಲ್ಲ ಬೇಡ. ಇಲ್ಲಿ ನೀವು ಮೂರನೇ ಕೌಂಟರ್, ಅಷ್ಟೇ."

ಆ ಕೌಂಟರಿನಲ್ಲಿ ಗುಮಾಸ್ತೆಯಾಗಿದ್ದ ಅತ್ತಿಗೆ ಸರಿಯಪ್ಪಾ ಅಂದಳು. ಅನ್ನದೆ ಏನು ಮಾಡಿಯಾಳು? ಆ ಸಹಕಾರಿ ಬ್ಯಾಂಕ್ ಕಟ್ಟಿದ್ದೇ ಅವಳ ಗಂಡ, ಒಂದು ಹಳೇ ಮೇಜು, ಎರಡು ಕುರ್ಚಿ ಇಟ್ಟುಕೊಂಡು. ಸಾಲ ಕೇಳಿದವರ ಅಂಗಡಿಗೆ ತಾನೇ ಹೋಗಿ ನೋಡಿ ಬರುತ್ತಿದ್ದ. ಅಂಥವನ ಮೇಲೆ ಒಡಹುಟ್ಟಿದ ತಮ್ಮನೇ ಕಳ್ಳತನ ಹೊರಿಸಿ, ತುಂಬಿದ ಸಭೆಯಲ್ಲಿ ಬೀಗದ ಕೈ ಕಿತ್ತುಕೊಂಡ. ಆರು ತಿಂಗಳಿಗೆ ಗಂಡ ಕೊರಗಿ ಕೊರಗಿ ಹೋಗಿಬಿಟ್ಟ. ಆರೋಪ ಸುಳ್ಳು ಅಂತ ತನಿಖೆಯವರು ಆಮೇಲೆ ಬರೆದುಕೊಟ್ಟರು. ಆ ಕಾಗದವನ್ನು ಯಾರೂ ಮೂಸಿ ನೋಡಲಿಲ್ಲ. ಮೈದುನನನ್ನು ಅದೇ ಸಭೆಯಲ್ಲಿ, ಎಲ್ಲರೆದುರಿಗೆ ಕೆಳಗಿಳಿಸಬೇಕು. ಅವಳಿಗೆ ಬೇಕಿದ್ದದ್ದು ಅದೊಂದೇ.

ಅವನಿಗೋ ಹೊಸ ಹುಚ್ಚು. ಬಡ್ಡಿ ಯಾರಿಗೆ ಬೇಕು, ದುಡ್ಡಿರೋದು ಕಮಿಷನ್ನಿನಲ್ಲಿ ಅಂತ. ವಿಮೆ ಮಾರಿದ, ಬಸ್ ಟಿಕೆಟ್ ಮಾರಿದ, ಕೊನೆಗೆ ನೀರಿನ ಫಿಲ್ಟರನ್ನೂ ಮಾರಿದ! ಮೊದಲೆರಡು ವರ್ಷ ಲಾಭ ಬಂತು, ಇಲ್ಲ ಅನ್ನೋಕಾಗಲ್ಲ. ಆಮೇಲೆ ಸಾಲದ ಕಡೆ ತಿರುಗಿ ನೋಡುವವರೇ ಇಲ್ಲದೆ ವಸೂಲಿ ನೆಲಕಚ್ಚಿತು. ಭೂಪ ಬಿಟ್ಟನೇ? ನೆಂಟರಿಷ್ಟರ ಷೇರನ್ನೆಲ್ಲ ಕೊಂಡು, ಬ್ಯಾಂಕೇ ನಂದು ಅಂತ ಮೆರೆದ. ವಿಮೆಯನ್ನು ಸದಸ್ಯರಿಗೆ ಮಾತ್ರ ಮಾರಬೇಕೆಂಬ ನಿಯಮ ಅಡ್ಡ ಬಂದಾಗ, "ಕೊಂಡವರಿಗೆಲ್ಲ ಒಂದೊಂದು ಷೇರು ಅಂಟಿಸಿ, ಸದಸ್ಯರಾಗ್ತಾರೆ. ದಿನಕ್ಕೆ ಹತ್ತು ಜನ ಆಗಲೇಬೇಕು, ಮೂರನೇ ಕೌಂಟರ್!" ಅಂದ.

ಅವಳು ಹನ್ನೊಂದು ಮಾಡಿದಳು. ಮೂಟೆ ಹೊರುವವರು, ದರ್ಜಿಗಳು, ಆಸ್ಪತ್ರೆಯ ಆಯಾಗಳು. ಬ್ಯಾಂಕ್ ಹೇಗೆ ಸೊರಗುತ್ತಿದೆ ಅಂತ ಒಬ್ಬೊಬ್ಬರಿಗೂ ಬಿಡಿಸಿ ಹೇಳಿ, "ವಾರ್ಷಿಕ ಸಭೆಗೆ ತಪ್ಪಿಸಬೇಡಿ" ಅಂತ ಕಿವಿಗೆ ಹಾಕುತ್ತಿದ್ದಳು. ನೂರು ಷೇರಿನವನಿಗೂ ಒಂದೇ ಓಟು, ಒಂದು ಷೇರಿನವನಿಗೂ ಒಂದೇ ಓಟು. ಗಂಡ ಕೈಯಾರೆ ಬರೆದಿಟ್ಟ ನಿಯಮ ಅದು. ಮೈದುನ ಅದನ್ನು ಓದಿದ್ದರೆ ತಾನೇ!

ಪ್ರತಿ ವರ್ಷ ಮೂವತ್ತು ಜನ ಬಂದು ಚಪ್ಪಾಳೆ ತಟ್ಟಿ ಹೋಗುತ್ತಿದ್ದ ಸಭೆಗೆ ಈ ಸಲ ಕಾಲಿಡಲು ಜಾಗವಿಲ್ಲ. ಆಯಾ ಒಬ್ಬಳು ಎದ್ದು, ಅಧ್ಯಕ್ಷರನ್ನು ಇಳಿಸಬೇಕು ಅಂದಳು. ಕೈಗಳು ಎದ್ದವು, ಎದ್ದವು, ಏಳುತ್ತಲೇ ಇದ್ದವು.

"ಯಾರು ಇವರೆಲ್ಲ?" ಮೈದುನ ಬೆವರೊರೆಸಿಕೊಂಡ.

"ನಿನ್ನ ವಿಮೆ ಕೊಂಡವರಪ್ಪಾ."

ಎಣಿಕೆ ಮುಗಿಯಿತು. ಅವನು ಬಿದ್ದ. ಅಯ್ಯೋ, ಅವಳಿಗಾದ ಸಂತೋಷ! ಸೀದಾ ವೇದಿಕೆ ಹತ್ತಿ ಕೈ ಚಾಚಿದಳು.

"ಬೀಗದ ಕೈ."

ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ. "ಅತ್ತಿಗೆ, ಎಲ್ಲರೆದುರಿಗೆ ಬೇಡ. ಒಳಗೆ ಬನ್ನಿ, ಕೊಡ್ತೀನಿ."

"ನಿಮ್ಮಣ್ಣನೂ ಅವತ್ತು ಇದೇ ಮಾತು ಹೇಳಿದ್ರು," ಅಂದಳು ಅವಳು. "ಇಲ್ಲೇ ಕೊಡು ಅಂದವನು ನೀನು. ಕೊಡು."