ತಾನೇ ತೆರೆಯುತ್ತಿದ್ದ ಬೀಗ

ನಾನು ಒಂದು ಕಂಪ್ಯೂಟರ್. ಕಂಪನಿಯ ಹೆಸರು ಹೊತ್ತು, ಹೊಸ ಡಬ್ಬಿಯಲ್ಲಿ ಬೆಚ್ಚಗೆ ಕೂತು ಬಂದವನಲ್ಲ. ತಿಪಟೂರಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಫಯಾಜ್ ಅಲ್ಲಿಂದ ಇಲ್ಲಿಂದ ಬಿಡಿಭಾಗ ತಂದು ನನ್ನನ್ನು ಜೋಡಿಸಿದ. ಕೊನೆಗೆ ಮುಚ್ಚಳಕ್ಕೆ ಒಂದು ಸ್ಕ್ರೂ ಕಮ್ಮಿ ಬಿತ್ತು. "ಓಡುತ್ತೆ ಬಿಡು" ಎಂದ. ಓಡಿದೆ. ಹುಟ್ಟಿನ ವಿಚಾರದಲ್ಲಿ ನನಗೆ ಜಂಬವೂ ಇಲ್ಲ, ನಾಚಿಕೆಯೂ ಇಲ್ಲ.

ನನ್ನನ್ನು ಕೊಂಡವರು ಮೈಕ್ ರೇಣುಕಯ್ಯ. ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದಾಗಲಿ, ಯಾರೋ ತೀರಿಕೊಂಡರೆಂದಾಗಲಿ ಊರಿಗೆ ತಿಳಿಸಬೇಕಾದರೆ ಆಟೋ ಮೇಲಿನ ಮೈಕಿನಿಂದ ಬರುತ್ತಿದ್ದದ್ದು ಅವರ ಧ್ವನಿ. ನಾನು ಬರುವ ಮುಂಚೆ ಆಟೋದಲ್ಲಿ ಕೂತು ದಿನವಿಡೀ ಕೂಗುತ್ತಿದ್ದರಂತೆ. ನಾನು ಬಂದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಒಮ್ಮೆ ಹೇಳಿ, ಪೆನ್‌ಡ್ರೈವ್‌ಗೆ ಹಾಕಿ ಕಳಿಸತೊಡಗಿದರು. ಎಂಥ ಧ್ವನಿ ಅಂತೀರಿ! "ಮಹಾಜನಗಳೇ" ಎಂದರೆ ನನ್ನ ತಲೆಯ ಮೇಲಿಟ್ಟ ಕಾಫಿ ಲೋಟ ಅದುರುತ್ತಿತ್ತು.

ಆ ಧ್ವನಿಯನ್ನು ಒಬ್ಬ ಕದ್ದ. ರೇಣುಕಯ್ಯ ಊಟಕ್ಕೆ ಒಳಗೆ ಹೋಗಿದ್ದಾಗ ನನ್ನಿಂದ ಹಳೆಯ ಪ್ರಕಟಣೆಗಳನ್ನು ನಕಲು ಮಾಡಿಕೊಂಡು, ಕತ್ತರಿಸಿ ಅಂಟಿಸಿ, ತನಗಾಗದ ದಾಯಾದಿ ಸತ್ತನೆಂದು ಬೀದಿಬೀದಿಯಲ್ಲಿ ಸಾರಿಸಿದ. ಸತ್ತವನೋ ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದ. ಅರ್ಧ ಗಡ್ಡದಲ್ಲೇ ಓಡಿ ಬಂದು, "ಏನಯ್ಯಾ ರೇಣುಕಯ್ಯ, ನನ್ನ ತಿಥಿ ಊಟಾನೂ ನೀನೇ ಹಾಕಿಸ್ತೀಯಾ?" ಎಂದು ಕೊರಳಪಟ್ಟಿ ಹಿಡಿದ.

ರೇಣುಕಯ್ಯ ಅಂದೇ ಫಯಾಜ್‌ಗೆ ಹೇಳಿ ಕಳಿಸಿದರು. "ನನ್ನ ಗಂಟಲು ಇನ್ನೊಬ್ರ ಕೈಗೆ ಸಿಗಬಾರ್ದು ಕಣಯ್ಯ. ಬೀಗ ಜಡಿ."

"ಪಾಸ್‌ವರ್ಡ್ ನೀವೇ ಹಾಕಿ ಅಣ್ಣಾ, ನನಗೂ ಹೇಳ್ಬೇಡಿ" ಎಂದು ಫಯಾಜ್ ಬಾಗಿಲ ಕಡೆ ಮುಖ ಮಾಡಿ ನಿಂತ. ಅವರು ಒಂದೇ ಬೆರಳಿನಲ್ಲಿ ಏನೋ ಕುಟ್ಟಿದರು. ಅದು ಇಲ್ಲದೆ ನನ್ನ ಡಿಸ್ಕಿನೊಳಗಿನದು ಯಾರಿಗೂ ಸಿಗದು. ಆ ಪದವನ್ನು ನಾನೂ ಇಟ್ಟುಕೊಳ್ಳುವುದಿಲ್ಲ. ಕುಟ್ಟಿದ್ದು ಸರಿಯೋ ತಪ್ಪೋ ಎಂದು ಹೇಳುವುದಷ್ಟೇ ನನ್ನ ಕೆಲಸ.

ಆ ಕೆಲಸದಲ್ಲಿ ನಾನು ಬಲು ಖಡಕ್ಕು. ಸಾವಿನ ಮನೆಯವರು ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿರುತ್ತಿದ್ದರು. ರೇಣುಕಯ್ಯ ಅವಸರದಲ್ಲಿ ಒಂದಕ್ಷರ ಬಿಟ್ಟರೆ ನಾನು ತಪ್ಪು ಎನ್ನುತ್ತಿದ್ದೆ. "ನನ್ನ ಮನೇಲಿ ನನಗೇ ಬಾಗಿಲು ತೆಗೆಯಲ್ವಲ್ಲ ಈ ಮುಂಡೇದು!" ಎಂದು ಬೈಯುತ್ತಿದ್ದರು. ಕೊನೆಗೆ ಫಯಾಜ್ ಮತ್ತೆ ಬಂದ.

"ಇನ್ಮೇಲೆ ಸ್ವಿಚ್ ಹಾಕಿದ್ರೆ ತಾನೇ ತೆಕ್ಕೊಳ್ಳುತ್ತೆ ಅಣ್ಣಾ. ಬೀಗದ ಕೈನ ಇದರ ಬೋರ್ಡಲ್ಲಿರೋ ಚಿಪ್ಪಿಗೇ ಕೊಟ್ಟಿದೀನಿ. ಡಿಸ್ಕ್ ಕಿತ್ಕೊಂಡು ಹೋದ್ರೂ ಬೇರೆ ಕಡೆ ತೆರೆಯಲ್ಲ. ಆದ್ರೆ ಬೋರ್ಡ್ ಕೆಟ್ರೆ ಪಾಸ್‌ವರ್ಡೇ ಗತಿ. ಮರೀಬೇಡಿ."

"ನಾನಾ? ಮರೆಯೋದಾ?" ರೇಣುಕಯ್ಯ ನಕ್ಕರು. ಊರಿನ ಅರ್ಧ ಜನರ ಅಪ್ಪ ಅಜ್ಜಂದಿರ ಹೆಸರು ಬಾಯಿಪಾಠವಿದ್ದವರು ಅವರು. ಕೋಣೆಯ ಬಾಗಿಲಿಗೆ ಒಂದು ಚಿಲಕ ಹಾಕಿಸಿ ನಿಶ್ಚಿಂತರಾದರು. ಆಮೇಲೆ ವರ್ಷಗಟ್ಟಲೆ ಯಾರೂ ನನಗೆ ಉತ್ತರ ಹೇಳಬೇಕಾಗಿ ಬರಲಿಲ್ಲ. ಸ್ವಿಚ್ ಹಾಕಿದರೆ ತೆರೆದುಕೊಳ್ಳುತ್ತಿದ್ದೆ. ಎಷ್ಟು ಸುಖವಾಗಿತ್ತು!

ಆಮೇಲೆ ಅವರ ಧ್ವನಿ ಒಡೆಯಿತು. ಶುಂಠಿ ಕಷಾಯವಾಯಿತು, ಜೇನುತುಪ್ಪವಾಯಿತು. ಬೆಂಗಳೂರಿನ ಡಾಕ್ಟರು ನೋಡಿ, ಧ್ವನಿಪೆಟ್ಟಿಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು.

ಆಪರೇಷನ್ನಿಗೆ ಹೋಗುವ ಮುಂಚೆ ರೇಣುಕಯ್ಯ ಹೆಂಡತಿ ಸರ್ವಮಂಗಳಮ್ಮನನ್ನು ಏನೋ ನೆಪ ಹೇಳಿ ಪೇಟೆಗೆ ಕಳಿಸಿ, ಚಿಲಕ ಹಾಕಿಕೊಂಡು ನನ್ನ ಮುಂದೆ ಕೂತರು. ಅಂದು ಮಹಾಜನಗಳಿಗೆ ಹೇಳುವುದು ಏನೂ ಇರಲಿಲ್ಲ. "ಮಂಗಳಾ, ಎಲ್ಲಿದೀಯೇ? ಮಂಗಳಾ, ಸಾರಿಗೆ ಉಪ್ಪು ಮರೆತ್ಯಾ? ಮಂಗಳಾ, ಬಾರೇ ಇಲ್ಲಿ, ಸುಮ್ನೆ ಸ್ವಲ್ಪ ಹೊತ್ತು ಕೂತ್ಕೋ." ಸಿಟ್ಟಿನಲ್ಲಿ ಕರೆದರು, ತಮಾಷೆಯಲ್ಲಿ ಕರೆದರು, ಕೆಮ್ಮು ಬಂದು ನಿಲ್ಲಿಸಿ ಮತ್ತೆ ಕರೆದರು. ರೆಕಾರ್ಡ್ ಆದದ್ದನ್ನು ಪೆನ್‌ಡ್ರೈವ್‌ಗೂ ಹಾಕಿಕೊಡಲೇ ಎಂದು ಆಮೇಲೆ ಬಂದ ಫಯಾಜ್ ಕೇಳಿದ. "ಬೇಡಪ್ಪ, ಒಂದ್ಸಲ ಆಗಿದ್ದು ಸಾಕು. ಇದು ಅವಳಿಗೆ ಮಾತ್ರ" ಎಂದರು.

ಆಸ್ಪತ್ರೆಯಿಂದ ಬಂದವರ ಕೊರಳಲ್ಲಿ ಒಂದು ತೂತಿತ್ತು, ಅದರ ಮೇಲೆ ಬಿಳಿ ಬಟ್ಟೆ. ತುಟಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಸರ್ವಮಂಗಳಮ್ಮ ಬೆಳಿಗ್ಗೆ ಒಲೆ ಹಚ್ಚಿದ ಕೂಡಲೇ ಬಂದು ನನ್ನ ಸ್ವಿಚ್ ಹಾಕುವರು. ನಾನು ರೇಣುಕಯ್ಯನವರ ಧ್ವನಿಯಲ್ಲಿ ಕರೆಯುತ್ತಿದ್ದೆ, ಆಕೆ ಅಡುಗೆಮನೆಯಿಂದಲೇ ಓಗೊಡುತ್ತಿದ್ದರು. "ಉಪ್ಪು ಹಾಕಿದೀನಿ ಕಣ್ರೀ, ಬಾಯಿ ಮುಚ್ಚಿ!" ಎಂದು ರೇಗುತ್ತಿದ್ದರು ಕೂಡ. ರೇಣುಕಯ್ಯ ಕುರ್ಚಿಯಲ್ಲಿ ಕೂತು ಭುಜ ಕುಣಿಸಿ ನಗುತ್ತಿದ್ದರು. ಅಷ್ಟು ಸಾವಿನ ಸುದ್ದಿ ಸಾರಿದ ಯಂತ್ರ ನಾನು. ಆ ದಿನಗಳಲ್ಲಿ ಮಾತ್ರ ಬದುಕಿದ್ದೇನೆ ಅನ್ನಿಸಿತು.

ಆಯುಧ ಪೂಜೆ ಬಂತು. ಪ್ರತಿ ವರ್ಷ ನನ್ನ ಪೂಜೆ ರೇಣುಕಯ್ಯನವರದೇ. ಒಣ ಕುಂಕುಮದ ಬೊಟ್ಟು, ಒಂದು ಸೇವಂತಿಗೆ, ಅಷ್ಟೇ. ನೀರು ಹತ್ತಿರ ತರುತ್ತಿರಲಿಲ್ಲ. ಆ ವರ್ಷ ಜ್ವರ ಬಂದು ಮಲಗಿದ್ದರು. ಸರ್ವಮಂಗಳಮ್ಮ ಮಡಿಯುಟ್ಟು ಬಂದರು. ಸ್ವಿಚ್ ಹಾಕಿ, ಗಂಡನ ಧ್ವನಿ ಹಚ್ಚಿ, ವಿಭೂತಿ ಬಳಿದು, ಹಾರ ಹಾಕಿದರು. ಮನಸ್ಸಿಗೆ ಸಾಲದಾಯಿತು. ವೀಳ್ಯದೆಲೆಯಿಂದ ಕಳಶದ ನೀರು ಪ್ರೋಕ್ಷಿಸಿದರು. "ಇವರ ಧ್ವನಿ ನೀನೇ ಕಾಪಾಡಪ್ಪಾ" ಎಂದು ಕೈಯೆತ್ತಿ ಮುಗಿದು, ಉಳಿದ ತೀರ್ಥವನ್ನೂ ಭಕ್ತಿಯಿಂದ ನನ್ನ ನೆತ್ತಿಯ ಜಾಲರಿಯ ಮೇಲೆ ಎರೆದರು. ಚಟ್ಟೆಂದು ಸದ್ದಾಯಿತು. "ಮಂಗ" ಎಂದದ್ದು ಅಲ್ಲಿಗೇ ನಿಂತಿತು.

ಫಯಾಜ್ ನನ್ನನ್ನು ಬಿಚ್ಚಿ ನೋಡಿದ. ಡಿಸ್ಕಿಗೆ ಏನೂ ಆಗಿರಲಿಲ್ಲ. ಸುಟ್ಟದ್ದು ಬೋರ್ಡು, ಅದರೊಂದಿಗೆ ಆ ಚಿಪ್ಪು. ಬೇರೆ ಬೋರ್ಡು ಹಾಕಿ ಸ್ವಿಚ್ ಒತ್ತಿದ. ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಖಾಲಿ ಮನೆ ಬಂತು. ಎಲ್ಲರೂ ರೇಣುಕಯ್ಯನವರ ಮುಖ ನೋಡಿದರು. ಅವರು ನನ್ನನ್ನೇ ನೋಡುತ್ತ ಕೂತರು. ಆ ನೋಟದಲ್ಲೇ ತಿಳಿಯಿತು ನನಗೆ. ಅಯ್ಯೋ, ನೆನಪಿಲ್ಲ!

ಮನೆದೇವರ ಹೆಸರು ಹಾಕಿದರು. ತಪ್ಪು. ತಾಯಿಯ ಹೆಸರು, ಹುಟ್ಟಿದೂರು, ಮೊದಲು ಕೊಂಡ ಮೈಕ್ ಸೆಟ್ಟಿನ ಹೆಸರು. ತಪ್ಪು, ತಪ್ಪು, ತಪ್ಪು. ಬೇರೆ ದಾರಿಯಿಲ್ಲವೇ ಎಂದು ಸರ್ವಮಂಗಳಮ್ಮ ಫಯಾಜ್‌ನನ್ನು ಬೇಡಿಕೊಂಡರು. ಅವನು ತಲೆ ತಗ್ಗಿಸಿದ. "ಇಲ್ಲ ಅಕ್ಕಾ. ಇದ್ದಿದ್ರೆ ಅವತ್ತು ನಾನು ಹಾಕಿದ್ದು ಬೀಗಾನೇ ಅಲ್ಲ."

"ನನ್ನ ಕೈಯಾರೆ ನಾನೇ ನಿಮ್ಮ ಬಾಯಿ ಕಟ್ಟಿಬಿಟ್ನಲ್ಲ ರೀ!" ಎಂದು ಅವರು ನೆಲಕ್ಕೆ ಕುಸಿದರು. ರೇಣುಕಯ್ಯ ಸ್ಲೇಟಿನ ಮೇಲೆ ಬರೆದು ತೋರಿಸಿದರು: ಮರೆತವನು ನಾನು.

ಆಮೇಲೆ ದಿನಾ ಬಂದು ಕೂರುತ್ತಿದ್ದರು. ಒಂದು ದಿನ ನಿಧಾನವಾಗಿ ಹೆಂಡತಿಯ ಹೆಸರು ಹಾಕಿದರು. ಬೆನ್ನ ಹಿಂದೆ ನಿಂತಿದ್ದ ಸರ್ವಮಂಗಳಮ್ಮ ಅವರ ಬೆರಳು ಒತ್ತುವ ಅಕ್ಷರಗಳನ್ನೇ ನೋಡುತ್ತಿದ್ದರು. ಸರಿ ಎಂದುಬಿಡಲು ನನಗೆ ಎಷ್ಟು ಆಸೆಯಾಯಿತು! ಅಷ್ಟು ಆಸೆಯಿಂದ ನಾನು ಯಾವತ್ತೂ ಏನನ್ನೂ ಬಯಸಿಲ್ಲ. ಆದರೂ ತಪ್ಪು ಎಂದೆ. ಅದು ತಪ್ಪೇ ಆಗಿತ್ತು. ರೇಣುಕಯ್ಯ ಸ್ಲೇಟಿನ ಮೇಲೆ ಬರೆದರು: ನಿನ್ನ ಹೆಸರೇ ಇಡಬೇಕಿತ್ತು. ಅದಾದರೆ ಮರೀತಿರಲಿಲ್ಲ. ಸರ್ವಮಂಗಳಮ್ಮ ಓದಿ, ಅವರ ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದರು.

ಡಿಸ್ಕನ್ನು ಅಳಿಸಿದರೆ ನಾನು ಇನ್ನೊಬ್ಬರಿಗೆ ಕೆಲಸಕ್ಕೆ ಬರುತ್ತೇನೆ ಎಂದು ಫಯಾಜ್ ಹೇಳಿದ್ದ. ಸರ್ವಮಂಗಳಮ್ಮ ಬಿಡಲಿಲ್ಲ. ನನಗೆ ತಮ್ಮ ಹಳೆಯ ಸೀರೆ ಹೊದಿಸಿ ಕೋಣೆಯ ಮೂಲೆಯಲ್ಲಿ ಇಟ್ಟಿದ್ದಾರೆ. ರೇಣುಕಯ್ಯನವರ ಕರೆ ನನ್ನೊಳಗೆ ಹಾಗೇ ಇದೆ, ಕೆಮ್ಮಿನ ಸಮೇತ. ಅದನ್ನು ಕಳ್ಳರಿಂದ ಕಾಯುವುದಕ್ಕೆ ನನ್ನನ್ನು ಇಟ್ಟರು, ಈಗ ಅವರಿಂದಲೇ ಕಾಯುತ್ತಿದ್ದೇನೆ. ಕಾವಲಿನವನಿಗೆ ಇದಕ್ಕಿಂತ ಕೆಟ್ಟ ಬಾಳು ಉಂಟೇ?

ಸರ್ವಮಂಗಳಮ್ಮ ಈಗ ಈಳಿಗೆಮಣೆಯನ್ನು ಅಡುಗೆಮನೆಯ ಬಾಗಿಲಿಗೆ ಎದುರಾಗಿ ಹಾಕಿಕೊಂಡು ತರಕಾರಿ ಹೆಚ್ಚುತ್ತಾರೆ. ಗಂಡನ ತುಟಿ ಆಡಿದ್ದು ಕಂಡರೆ ಎದ್ದು ಬರುತ್ತಾರೆ. ಕೆಲವೊಮ್ಮೆ ಅವರು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿರುತ್ತಾರೆ. ರೇಣುಕಯ್ಯ ಅದು ತಿಳಿಯದೆ ಖಾಲಿ ಬಾಗಿಲಿನ ಮುಂದೆ ನಿಂತು ಕರೆಯುತ್ತಾರೆ, ಇನ್ನೊಮ್ಮೆ ಕರೆಯುತ್ತಾರೆ, ಬರುತ್ತಾಳೆಂದು ಅಲ್ಲೇ ಕಾಯುತ್ತಾರೆ.